ಸೂರ್ಯ ಸಮೀಪ ಬಂದಾಗ ಜತ್ತದಲ್ಲಿ ಥಂಡಿ

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಮಹಾರಾಷ್ಟ್ರದ ಗಡಿ ದಾಟಿದ ಮೇಲೂ ಪಕ್ಕದ ಸೀಟಿನ ಮಾತು ಕನ್ನಡದಲ್ಲೇ ಮುಂದುವರಿಯುತ್ತದೆ. ಅಂಗಡಿಗಳ ಬೋರ್ಡು ಮರಾಠಿಗೆ ತಿರುಗುತ್ತವೆ, ಅಷ್ಟೆ. ಜೋಳದ ಹೊಲ, ರುಮಾಲು ಸುತ್ತಿದ ಹಿರಿಯರು, ಬುತ್ತಿಯಲ್ಲಿ ಕಟಕ ರೊಟ್ಟಿ, ಹಿಂಡಿಯ ಖಾರ, ಇವೆಲ್ಲ ಹಿಂದಿನ ಊರಿನಲ್ಲಿದ್ದಂತೆಯೇ ಇರುತ್ತವೆ. ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಜತ್ತ ತಾಲ್ಲೂಕು ಇದು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಡಫಳೆ ಮನೆತನದವರ ಪುಟ್ಟ ಸಂಸ್ಥಾನವಾಗಿತ್ತು. ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರದಂತಹ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ನಮ್ಮ ಕಡೆಯಿಂದ ಸಾವಿರಾರು ಜನ ನಡೆದೇ ಹೋಗುವುದನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಮಾಡಗ್ಯಾಳ ಎಂಬ ಇನ್ನೊಂದು ಹಳ್ಳಿಯ ಹೆಸರನ್ನು ಕುರಿಗಳು ಊರೂರಿಗೆ ಒಯ್ದಿವೆ. ಗಿಣಿಯ ಕೊಕ್ಕಿನಂತೆ ಬಾಗಿದ ಮೂಗಿನ ಆ ಎತ್ತರದ ಕುರಿ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಬೇರೆ ಬೇರೆ ಕಾರಣಗಳಿಗಾಗಿ ಈ ಕಡೆಗೆ ಚಳಿಗಾಲ, ಬೇಸಿಗೆ, ಮಳೆಗಾಲ ಮೂರರಲ್ಲೂ ಹೋಗಿ ಬಂದಿದ್ದೇನೆ. ಅವುಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜನವರಿಯ ಮೊದಲ ವಾರ. ಕ್ರಿಸ್ತಜಯಂತಿ ಮುಗಿದು ಮೂರು ರಾಯರ ಹಬ್ಬ ಇನ್ನೂ ಬರಬೇಕಾಗಿದ್ದ ದಿನಗಳು. ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಎಳ್ಳಮವಾಸ್ಯೆಯ ಚರಗ ಚೆಲ್ಲುವ ಸಂಭ್ರಮ ಹಳ್ಳಿಗಳಲ್ಲಿ ಇನ್ನೂ ಆರಿರಲಿಲ್ಲ. ಬೆಳಗಿನ ಜಾವ ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತ ಕುಳಿತವರ ಜೊತೆ ನಾನೂ ಕುಳಿತೆ. ಮಾತಿನ ನಡುವೆ, ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತ್ಯಂತ ಸಮೀಪ ಇರುವ ವಾರ ಇದೇ ಎಂದು ಹೇಳಿದೆ. ಒಬ್ಬ ಹಿರಿಯರು ನನ್ನ ಮುಖ ನೋಡಿದರು. "ಸಮೀಪ ಅಂತೀರಿ, ಮತ್ತ ಇಷ್ಟ ಥಂಡಿ ಯಾಕ್ರೀ ಗುರುಗಳ?" ಪಕ್ಕದಲ್ಲಿದ್ದ ಕಾಲೇಜು ಹುಡುಗ ನಕ್ಕ. ಆದರೆ ಉತ್ತರ ಅವನಿಗೂ ಗೊತ್ತಿರಲಿಲ್ಲ.

ಪ್ರಶ್ನೆ ಸರಳ, ನ್ಯಾಯವಾದದ್ದೂ ಹೌದು. ಒಲೆಯ ಹತ್ತಿರ ಸರಿದರೆ ಕಾವು ಹೆಚ್ಚು, ದೂರ ಸರಿದರೆ ಕಡಿಮೆ. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ, ಚಳಿಗಾಲದಲ್ಲಿ ದೂರ ಹೋಗುತ್ತಾನೆ ಎಂದು ಎಷ್ಟೋ ಓದಿದವರೂ ನಂಬಿದ್ದಾರೆ. ಇದಕ್ಕೆ ತುಪ್ಪ ಸುರಿಯುವಂತೆ ಕೆಲವು ವರ್ಷಗಳಿಂದ ವಾಟ್ಸಾಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ. ನಮ್ಮ ಕುಟುಂಬ ಗುಂಪುಗಳಿಗೂ ಅದು ಬಂದಿರಲಿಕ್ಕೆ ಸಾಕು. 'ಅಫೇಲಿಯನ್' ಎಂಬ ದೊಡ್ಡ ಹೆಸರು ಹೇಳಿ, ಸಾಮಾನ್ಯವಾಗಿ 9 ಕೋಟಿ ಕಿ.ಮೀ. ದೂರದಲ್ಲಿರುವ ಸೂರ್ಯ ಈಗ 15 ಕೋಟಿ 20 ಲಕ್ಷ ಕಿ.ಮೀ. ದೂರ ಹೋಗುತ್ತಾನೆ, ಆಗಸ್ಟಿನವರೆಗೆ ಎಂದೂ ಇಲ್ಲದ ಚಳಿ, ಕೆಮ್ಮು, ಜ್ವರ ಬರುತ್ತದೆ ಎಂದು ಅದು ಹೆದರಿಸುತ್ತದೆ. ಎರಡನೆಯ ಅಂಕಿ ಹೆಚ್ಚು ಕಡಿಮೆ ಸರಿ. ಮೊದಲನೆಯದು ಶುದ್ಧ ಸುಳ್ಳು. ಸುಳ್ಳಿನ ಪಕ್ಕದಲ್ಲಿ ಒಂದು ಸತ್ಯವನ್ನು ಕೂರಿಸಿದರೆ ಎರಡನ್ನೂ ಒಟ್ಟಿಗೆ ನುಂಗುತ್ತೇವೆ.

ಸರಿಯಾದ ಲೆಕ್ಕ ಇಷ್ಟು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಸ್ವಲ್ಪವೇ ಅಂಡಾಕಾರ. ಜನವರಿ 3ರ ಆಸುಪಾಸಿನಲ್ಲಿ ನಡುವಿನ ಅಂತರ ಸುಮಾರು 14 ಕೋಟಿ 71 ಲಕ್ಷ ಕಿ.ಮೀ. ಜುಲೈ ಮೊದಲ ವಾರದಲ್ಲಿ, ಅಂದರೆ ಸಂತ ತೋಮಸರ ಹಬ್ಬದ ಹೊತ್ತಿಗೆ, ಸುಮಾರು 15 ಕೋಟಿ 21 ಲಕ್ಷ ಕಿ.ಮೀ. ವ್ಯತ್ಯಾಸ 50 ಲಕ್ಷ ಕಿ.ಮೀ. ಕೇಳಲು ಭಯಂಕರ ಅನಿಸಿದರೂ ಒಟ್ಟು ದೂರದಲ್ಲಿ ಶೇಕಡಾ ಮೂರಕ್ಕಿಂತ ಸ್ವಲ್ಪ ಹೆಚ್ಚು. ಭೂಮಿಗೆ ತಲಪುವ ಬಿಸಿಲು ಜುಲೈಗಿಂತ ಜನವರಿಯಲ್ಲಿ ಶೇಕಡಾ 7ರಷ್ಟು ಹೆಚ್ಚಿರುತ್ತದೆ. ಆದರೂ ಆ ದಿನಗಳಲ್ಲೇ ಜತ್ತದ ಜನ ಬೆಂಕಿ ಕಾಯಿಸುತ್ತಾರೆ.

ದೂರವೇ ಋತುಗಳಿಗೆ ಕಾರಣವಾಗಿದ್ದರೆ ಇಡೀ ಭೂಮಿಗೆ ಜನವರಿಯಲ್ಲೇ ಬೇಸಿಗೆ ಬರಬೇಕಿತ್ತು. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮ ಧರ್ಮಕೇಂದ್ರಗಳ ಮಕ್ಕಳನ್ನು ಕೇಳಿ ನೋಡಿ. ಅವರು ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆಗೆ ಹೋಗುವುದು ತೆಳು ಬಟ್ಟೆಯಲ್ಲಿ. ಸ್ವೆಟರು ಹೊರಗೆ ಬರುವುದು ಜೂನ್, ಜುಲೈಯಲ್ಲಿ. ಒಂದೇ ಭೂಮಿ, ಒಂದೇ ಸೂರ್ಯ, ಒಂದೇ ದೂರ. ಆದರೂ ಉತ್ತರದವರಿಗೆ ಚಳಿ, ದಕ್ಷಿಣದವರಿಗೆ ಸೆಕೆ.

ಹಾಗಾದರೆ ಕಾರಣವೇನು? ಭೂಮಿ ಬುಗುರಿಯಂತೆ ತನ್ನ ಸುತ್ತ ತಿರುಗುವಾಗ ನೆಟ್ಟಗೆ ನಿಂತಿಲ್ಲ, ಸುಮಾರು 23.4 ಡಿಗ್ರಿ ವಾಲಿಕೊಂಡಿದೆ. ಆ ವಾಲು ವರ್ಷವಿಡೀ ಒಂದೇ ದಿಕ್ಕಿಗೆ ಇರುತ್ತದೆ. ಹೀಗಾಗಿ ಜೂನಿನಲ್ಲಿ ಉತ್ತರಾರ್ಧ ಸೂರ್ಯನ ಕಡೆಗೆ ಬಾಗಿರುತ್ತದೆ, ಡಿಸೆಂಬರಿನಲ್ಲಿ ಆಚೆ ಬಾಗಿರುತ್ತದೆ. ಬಾಗಿದ ಕಡೆ ಹಗಲು ಉದ್ದ, ಬಿಸಿಲು ನೆತ್ತಿಯ ಮೇಲೆ ನೇರ. ಆಚೆಗೆ ಹೊರಳಿದ ಕಡೆ ಹಗಲು ಗಿಡ್ಡ, ಬಿಸಿಲು ಓರೆ. ರಾತ್ರಿ ಕರೆಂಟು ಹೋದಾಗ ಟಾರ್ಚನ್ನು ನೆಲಕ್ಕೆ ನೇರ ಹಿಡಿಯಿರಿ. ಬೆಳಕು ರೊಟ್ಟಿಯಷ್ಟಗಲ, ದುಂಡಗೆ, ಪ್ರಖರವಾಗಿ ಬೀಳುತ್ತದೆ. ಅದೇ ಟಾರ್ಚನ್ನು ವಾಲಿಸಿ. ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಗುತ್ತದೆ. ಟಾರ್ಚು ದೂರ ಹೋಗಲಿಲ್ಲ, ಸೆಲ್ಲು ಇಳಿಯಲಿಲ್ಲ. ದೇವರು ಹತ್ತಿರವೇ ಇದ್ದರೂ ನಮ್ಮ ಮುಖ ಯಾವ ಕಡೆ ಇದೆ ಎಂದು ತಪಸ್ಸುಕಾಲದ ಪ್ರಬೋಧನೆಯಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ಇಲ್ಲಿ ಪ್ರಬೋಧನೆ ಬೇಡ, ಜತ್ತಕ್ಕೇ ಹೋಗೋಣ.

ಜತ್ತ ಪಟ್ಟಣ ಇರುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 17 ಡಿಗ್ರಿಯಲ್ಲಿ. ಅಲ್ಲಿ ಬಯಲಿನಲ್ಲಿ ಒಂದು ಮೀಟರು ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದೆವು ಎನ್ನಿ. ಸೂರ್ಯ ಎತ್ತರಕ್ಕೆ ಏರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ನಮ್ಮ ಗಡಿಯಾರಗಳೆಲ್ಲ ದೂರದ ಪೂರ್ವದ ಒಂದು ರೇಖೆಗೆ ಕಟ್ಟಿಕೊಂಡಿರುವುದರಿಂದ ಈ ಅರ್ಧ ಗಂಟೆಯ ಅಂತರ. ಡಿಸೆಂಬರ್ 21ರ ಆ ಹೊತ್ತಿಗೆ ಕೋಲಿನ ನೆರಳು ಉತ್ತರಕ್ಕೆ ಸುಮಾರು 85 ಸೆಂ.ಮೀ. ಚಾಚಿರುತ್ತದೆ. ದಿನ ಕಳೆದಂತೆ ಅದು ಕುಗ್ಗುತ್ತ ಬಂದು ಮೇ 8ರ ಸುಮಾರಿಗೆ ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಅಂದು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಮೇಲೆ ನೆರಳು ಮಗ್ಗುಲು ಬದಲಿಸಿ ದಕ್ಷಿಣಕ್ಕೆ ಬೀಳಲು ಶುರುವಾಗುತ್ತದೆ! ಜೂನ್ 21ಕ್ಕೆ ದಕ್ಷಿಣದ ಕಡೆ 11 ಸೆಂ.ಮೀ. ಆಗಸ್ಟ್ 5ರ ಸುಮಾರಿಗೆ ಮತ್ತೊಮ್ಮೆ ನೆರಳಿಲ್ಲ. ಹಗಲಿನ ಲೆಕ್ಕ ತೆಗೆದರೆ ಜೂನಿನಲ್ಲಿ 13 ಗಂಟೆಗೂ ಸ್ವಲ್ಪ ಹೆಚ್ಚು, ಡಿಸೆಂಬರಿನಲ್ಲಿ 11 ಗಂಟೆಗೂ ಸ್ವಲ್ಪ ಹೆಚ್ಚು. ದಿನಕ್ಕೆ ಎರಡು ಗಂಟೆಯ ಬಿಸಿಲು ಹೆಚ್ಚು, ಅದೂ ಹೆಚ್ಚು ನೇರವಾಗಿ. ಇದರ ಮುಂದೆ ದೂರದ ಆ ಶೇಕಡಾ 7 ಎಲ್ಲಿ ನಿಲ್ಲಬೇಕು?

ಜೂನಿನಲ್ಲಿ ಹಗಲು ಉದ್ದವಾದರೆ ಜತ್ತದ ಸುಡುವ ತಿಂಗಳುಗಳು ಏಪ್ರಿಲ್, ಮೇ ಏಕೆ ಎಂದು ಕೇಳಬಹುದು. ಸೂರ್ಯ ನೆತ್ತಿಗೆ ಬರುವುದು ಮೇ ಎರಡನೇ ವಾರಕ್ಕೆ ಮುಂಚೆಯೇ. ಆಗ ಆಕಾಶದಲ್ಲಿ ಮೋಡವೂ ಇಲ್ಲ. ಜೂನ್ ಬರುವಷ್ಟರಲ್ಲಿ ಮೋಡ ಅಡ್ಡ ಬಂದಿರುತ್ತದೆ, ಗಾಳಿ ತಂಪಾಗಿರುತ್ತದೆ. ಮಳೆ ಬರಲಿ, ಬಿಡಲಿ.

ಮಳೆಯ ಮಾತಿಗೆ ಬಂದೆವು. ಆ ಹಿರಿಯರಿಗೆ ಡಿಗ್ರಿ, ಕೋನ ಯಾವುದೂ ತಿಳಿಯದು, ಆದರೆ ಸೂರ್ಯನ ದಾರಿ ನನಗಿಂತ ಚೆನ್ನಾಗಿ ಬಾಯಿಪಾಠ. ಮಿರಗ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಅವರು ಎಣಿಸುವ ಮಳೆಗಳು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಲೆಕ್ಕ. ಆಕಾಶದ ದಾರಿಯನ್ನು ಇಪ್ಪತ್ತೇಳು ಸಮಪಾಲು ಮಾಡಿ, ಪಾಲಿಗೊಂದು ಹೆಸರು ಕೊಟ್ಟಿದ್ದಾರೆ. ಪಂಚಾಂಗ ಬಿಡಿಸಿ ಕುಳಿತಾಗ ನನಗೆ ಒಂದು ಸೋಜಿಗ ಕಂಡಿತು. ಆರಿದ್ರಾ ಜೂನ್ 22ರ ಸುಮಾರಿಗೆ ಹೂಡಿದರೆ ಪುನರ್ವಸು ಹೂಡುವುದು ಜುಲೈ 6ಕ್ಕೆ, ಪುಷ್ಯ ಜುಲೈ 20ಕ್ಕೆ. ಒಂದೊಂದಕ್ಕೂ 14 ದಿನ. ಚಳಿಗಾಲದಲ್ಲಿ ನೋಡಿ: ಪೂರ್ವಾಷಾಢ ಡಿಸೆಂಬರ್ 29, ಉತ್ತರಾಷಾಢ ಜನವರಿ 11, ಶ್ರವಣ ಜನವರಿ 24. ಒಂದೊಂದಕ್ಕೆ 13 ದಿನ ಮಾತ್ರ. ಪಾಲು ಸಮ, ಆದರೆ ದಾಟುವ ದಿನಗಳು ಸಮ ಅಲ್ಲ!

ದೂರದ ಗುಟ್ಟು ಅಡಗಿರುವುದು ಇಲ್ಲೇ. ಸೂರ್ಯನಿಗೆ ಸಮೀಪ ಇದ್ದಾಗ ಭೂಮಿ ಬೇಗ ಓಡುತ್ತದೆ, ದೂರ ಇದ್ದಾಗ ನಿಧಾನ. ಜರ್ಮನಿಯ ಯೊಹಾನ್ನೆಸ್ ಕೆಪ್ಲರ್ 1609ರಲ್ಲಿ ಪ್ರಕಟಿಸಿದ ನಿಯಮ ಇದು. ಆದ್ದರಿಂದ ನಮ್ಮ ಉತ್ತರಾರ್ಧಕ್ಕೆ ಮಾರ್ಚಿನಿಂದ ಸೆಪ್ಟೆಂಬರಿನವರೆಗಿನ ಬೆಚ್ಚನೆಯ ಅರ್ಧವರ್ಷ ಸುಮಾರು 186 ದಿನ, ಉಳಿದ ತಂಪಿನ ಅರ್ಧ ಸುಮಾರು 179 ದಿನ. ಕೆಪ್ಲರ್ ಹುಟ್ಟುವ ಎಷ್ಟೋ ಶತಮಾನ ಮೊದಲೇ ನಮ್ಮ ಪಂಚಾಂಗದವರು ಈ ಏರುಪೇರನ್ನು ಲೆಕ್ಕಕ್ಕೆ ಹಿಡಿದಿದ್ದರು. ಕಾರಣ ಹೇಳಿರಲಿಲ್ಲ, ದಿನ ಮಾತ್ರ ತಪ್ಪಿಸಿರಲಿಲ್ಲ. 'ಆರಿದ್ರಾಕ್ಕ ಹದಿನಾಲ್ಕ ದಿನ, ಶ್ರವಣಕ್ಕ ಹದಿಮೂರ' ಎಂಬ ಮಾತಿನಲ್ಲಿ ಭೂಮಿಯ ಅಂಡಾಕಾರದ ದಾರಿಯೇ ಇದೆ ಎಂದು ಹೇಳಿದಾಗ ಅಜ್ಜನಿಗೆ ಬಹಳ ಖುಷಿಯಾಯಿತು. "ಅಂದ್ರ ನಮ್ಮ ಲೆಕ್ಕಾ ಖರೇ ಐತಿ ಅನ್ನ್ರಿ" ಎಂದರು.

ನಮ್ಮ ಧರ್ಮಸಭೆಯಲ್ಲೂ ಇಂಥದೇ ಒಂದು ಕಥೆ ಇದೆ. ಸೆಮಿನರಿಯಲ್ಲಿ ಯಾರೂ ನಮಗೆ ಇದನ್ನು ಹೇಳಿರಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು. ಪಾಸ್ಖ ಹಬ್ಬದ ದಿನ ಗೊತ್ತುಮಾಡಲು ಹಗಲು ರಾತ್ರಿ ಸಮವಾಗುವ ವಸಂತದ ದಿನ ಖಚಿತವಾಗಿ ತಿಳಿದಿರಬೇಕು. ಹಳೆಯ ಪಂಚಾಂಗ ಹತ್ತು ದಿನ ಜಾರಿತ್ತೆಂದು 1582ರಲ್ಲಿ ಪೋಪ್ ಹದಿಮೂರನೇ ಗ್ರೆಗೊರಿಯವರು ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಮಾಡಿದರು. ಆ ಲೆಕ್ಕವನ್ನು ಪರೀಕ್ಷಿಸಲು ದೊಡ್ಡ ದೇವಾಲಯಗಳೇ ಉಪಕರಣವಾದವು. ಇಟಲಿಯ ಬೊಲೊನ್ಯ ನಗರದ ಸಂತ ಪೆತ್ರೋನಿಯರ ಮಹಾದೇವಾಲಯದಲ್ಲಿ ಜೊವಾನ್ನಿ ದೊಮೆನಿಕೊ ಕಸ್ಸೀನಿ ಎಂಬ ಖಗೋಳ ವಿದ್ವಾಂಸ 1655ರಲ್ಲಿ ಸುಮಾರು 27 ಮೀಟರ್ ಎತ್ತರದ ಚಾವಣಿಯಲ್ಲಿ ಒಂದು ಸಣ್ಣ ತೂತು ಬಿಡಿಸಿ, ನೆಲದಲ್ಲಿ ಸುಮಾರು 67 ಮೀಟರ್ ಉದ್ದದ ಉತ್ತರ ದಕ್ಷಿಣ ಗೆರೆ ಹಾಕಿಸಿದರು. ಪ್ರತಿ ಮಧ್ಯಾಹ್ನ ತೂತಿನಿಂದ ಇಳಿದ ಸೂರ್ಯನ ಬಿಂಬ ಆ ಗೆರೆಯನ್ನು ದಾಟುತ್ತದೆ. ಜತ್ತದ ಬಯಲಿನ ನಮ್ಮ ಕೋಲು ಮಾಡುವ ಕೆಲಸವೇ ಅದು, ಕೋಲಿನ ಬದಲು ದೇವಾಲಯ.

ಕಸ್ಸೀನಿ ಬಿಂಬದ ಜಾಗದ ಜೊತೆಗೆ ಅದರ ಗಾತ್ರವನ್ನೂ ಅಳೆದರು. ಸೂರ್ಯ ಸಮೀಪ ಇದ್ದಾಗ ಬಿಂಬ ತುಸು ದೊಡ್ಡದು, ದೂರ ಇದ್ದಾಗ ತುಸು ಸಣ್ಣದು. ಹಳೆಯ ಸಿದ್ಧಾಂತ ಹೇಳುತ್ತಿದ್ದಷ್ಟು ವ್ಯತ್ಯಾಸ ಸಿಗಲಿಲ್ಲ; ಅದರ ಅರ್ಧದಷ್ಟು ಮಾತ್ರ ಸಿಕ್ಕಿತು. ಅದು ಕೆಪ್ಲರನ ಲೆಕ್ಕಕ್ಕೆ ಹೊಂದಿತು. ಗೆಲಿಲಿಯೋನ ವಿಚಾರಣೆ ನಡೆದು ಆಗ 22 ವರ್ಷ. ಬೊಲೊನ್ಯ ಆಗ ಪೋಪರ ಆಡಳಿತಕ್ಕೇ ಸೇರಿದ ನಗರ. ಧರ್ಮಸಭೆಗೂ ವಿಜ್ಞಾನಕ್ಕೂ ಆಗದು ಎಂದು ನಮ್ಮ ಯುವಕರು ವಾದ ಹೂಡಿದಾಗ ಗೆಲಿಲಿಯೋನ ನೋವಿನ ಕಥೆಯನ್ನು ಮುಚ್ಚಿಡಬೇಕಿಲ್ಲ. ಬೊಲೊನ್ಯದ ನೆಲದ ಗೆರೆಯನ್ನೂ ಅದರ ಪಕ್ಕದಲ್ಲಿ ತೋರಿಸಿದರೆ ಸಾಕು. ಆ ಗೆರೆ ಇಂದಿಗೂ ಅಲ್ಲಿದೆ.

ದೂರಕ್ಕೆ ಏನೂ ಬೆಲೆಯಿಲ್ಲ ಎಂದು ಇಲ್ಲಿಗೇ ಬಿಟ್ಟರೆ ಅರ್ಧ ಸತ್ಯವಾದೀತು. ಸೂರ್ಯನಿಗೆ ಸಮೀಪ ಬರುವ ದಿನವೂ ಶತಮಾನಗಳಲ್ಲಿ ಮೆಲ್ಲಗೆ ಮುಂದೆ ಸರಿಯುತ್ತದೆ. ಸಂತ ತೋಮಸ್ ಅಕ್ವಿನಾಸರು ಯುವಕರಾಗಿದ್ದ 1246ರ ಸುಮಾರಿಗೆ ಅದು ಡಿಸೆಂಬರಿನ ಅತಿ ಗಿಡ್ಡ ಹಗಲಿನ ದಿನವೇ ಬರುತ್ತಿತ್ತು. ಇನ್ನೂ ಹಿಂದೆ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ನಮ್ಮ ಬೇಸಿಗೆಯಲ್ಲೇ ಭೂಮಿ ಸೂರ್ಯನಿಗೆ ಸಮೀಪ ಇರುತ್ತಿತ್ತು. ವಾಲು ಕೊಡುವ ಕಾವಿಗೆ ದೂರದ ಪಾಲೂ ಸೇರಿತು. ನೆಲ ಹೆಚ್ಚು ಕಾದಿತು, ಕಡಲಿನ ಗಾಳಿಯನ್ನು ಹೆಚ್ಚು ಬಲವಾಗಿ ಸೆಳೆಯಿತು. ಆ ಕಾಲದಲ್ಲಿ ಮುಂಗಾರು ಇಂದಿಗಿಂತ ಜೋರಾಗಿತ್ತು, ಸಹಾರಾ ಮರುಭೂಮಿಯಲ್ಲಿ ಕೂಡ ಹುಲ್ಲು, ಕೆರೆಗಳಿದ್ದವು ಎಂದು ವಿಜ್ಞಾನಿಗಳು ತಳದ ಕೆಸರು ಕೆದಕಿ ಕಂಡುಕೊಂಡಿದ್ದಾರೆ. ಇಂದು ಮಾತ್ರ ದೂರ ನಮ್ಮ ಮುಂಗಾರಿಗೆ ಕೊಂಚ ಎದುರಾಗಿಯೇ ಇದೆ.

ಇನ್ನು ಜತ್ತಕ್ಕೆ ಮಳೆ ಏಕಿಲ್ಲ ಎನ್ನುವುದು. ಬೆಂಕಿಯ ಸುತ್ತ ಕುಳಿತವರಲ್ಲಿ ಒಬ್ಬ ಹೆಣ್ಣುಮಗಳು, "ಸೂರ್ಯಾ ನಮ್ಮ ಮ್ಯಾಲ ಸಿಟ್ಟಾಗ್ಯಾನ್ರೀ, ದೇವರಿಗೆ ನಾವು ಏನ್ ಮಾಡೀವೋ ಏನೋ" ಎಂದರು. ಈ ಮಾತು ನನ್ನನ್ನು ಚುಚ್ಚಿತು. ನಮ್ಮ ಧರ್ಮಕೇಂದ್ರಗಳಲ್ಲೂ ಬರ ಬಂದಾಗ ಇದೇ ಮಾತು ಕೇಳಿದ್ದೇನೆ. ನಾನು ಅವರಿಗೆ ಹೇಳಿದ್ದು ಇಷ್ಟು: ಅಕ್ಕಾ, ನಿಮ್ಮ ಊರಿನ ಮೇಲೂ ಮಹಾಬಳೇಶ್ವರದ ಮೇಲೂ ಇರುವುದು ಒಂದೇ ಸೂರ್ಯ, ಹೆಚ್ಚು ಕಡಿಮೆ ಅದೇ ಕೋನದಲ್ಲಿ. ಕಡಲು ಇಲ್ಲಿಂದ ಪಶ್ಚಿಮಕ್ಕೆ ಇನ್ನೂರು ಕಿ.ಮೀ. ಆಚೆ. ನಡುವೆ ಸಹ್ಯಾದ್ರಿ. ಗಾಳಿ ಬೆಟ್ಟ ಏರುವಾಗ ಹೊತ್ತ ನೀರನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಮಹಾಬಳೇಶ್ವರಕ್ಕೆ ವರ್ಷಕ್ಕೆ ಐದು ಸಾವಿರ ಮಿ.ಮೀ. ಮೀರಿ ಮಳೆ. ನಿಮ್ಮದೇ ಸಾಂಗ್ಲಿ ಜಿಲ್ಲೆಯ ಪಶ್ಚಿಮದ ಶಿರಾಳಾದಲ್ಲಿ ಭತ್ತ ಬೆಳೆಯುವಷ್ಟು ಮಳೆ. ಇಲ್ಲಿಗೆ ಬರುವಷ್ಟರಲ್ಲಿ ಗಾಳಿಯ ಕೈ ಖಾಲಿ.

ಜುಲೈ ತಿಂಗಳಲ್ಲಿ ಹೋದಾಗ ಇದನ್ನು ಕಣ್ಣಾರೆ ಕಂಡೆ. ತಲೆಯ ಮೇಲೆ ಬೆಳ್ಳಗಿನ ಮೋಡಗಳು ಪೂರ್ವಕ್ಕೆ ಓಡುತ್ತಿದ್ದವು, ಒಂದು ಹನಿ ಇಲ್ಲ. ಗುಡ್ಡಗಳ ಮೇಲೆ ನಿಲ್ಲಿಸಿರುವ ಗಾಳಿಯಂತ್ರಗಳ ರೆಕ್ಕೆಗಳು ಮಾತ್ರ ಭರ್ರನೆ ತಿರುಗುತ್ತಿದ್ದವು. ಮಳೆ ಕೊಡದ ಗಾಳಿ ಕರೆಂಟು ಕೊಡುತ್ತದೆ. ಆ ಕರೆಂಟು ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ. ಇಲ್ಲಿನ ರೈತ ನಿಜವಾಗಿ ಕಾಯುವುದು ಸೆಪ್ಟೆಂಬರ್, ಅಕ್ಟೋಬರಿನ ಉತ್ತರಿ, ಹಸ್ತ, ಚಿತ್ತಿ ಮಳೆಗಳಿಗೆ. ಅವು ಬಿದ್ದರೆ ಹಿಂಗಾರಿ ಜೋಳ ಕೈಗೆ ಬರುತ್ತದೆ. ಬೀಳದಿದ್ದರೆ ದೀಪಾವಳಿಯ ಹೊತ್ತಿಗೆ ಮನೆಗೆ ಬೀಗ ಹಾಕಿ, ಎತ್ತಿನಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಪಾತ್ರೆ ಪಗಡೆ ಹೇರಿಕೊಂಡು ಕಬ್ಬು ಕಡಿಯಲು ಹೊರಡುತ್ತಾರೆ. ನೀರಿದ್ದ ಕೃಷ್ಣಾ ತೀರಕ್ಕೆ, ಕೊಲ್ಲಾಪುರದ ಕಡೆಗೆ, ನಮ್ಮ ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳಿಗೆ. ಮಕ್ಕಳೂ ಜೊತೆಗೇ. ಅಂಥ ಮಕ್ಕಳಿಗಾಗಿ ಕಾರ್ಖಾನೆಗಳ ಬಳಿ 'ಸಾಖರ ಶಾಳಾ'ಗಳನ್ನು ತೆರೆದದ್ದುಂಟು, ಎಲ್ಲರಿಗೂ ಅದು ಸಿಗುವುದಿಲ್ಲ. ಶಾಲೆಯಲ್ಲಿ ಮೂರು ಋತು ಎಂದು ಬಾಯಿಪಾಠ ಮಾಡುವ ಮಗುವಿಗೆ ಕಬ್ಬಿನ ಋತು ನಾಲ್ಕನೆಯದು. ಅದಕ್ಕೆ ಭೂಮಿಯ ವಾಲು ಕಾರಣವಲ್ಲ.

ಬೆಟ್ಟವನ್ನು ಸರಿಸಲಾಗದು, ನೀರನ್ನು ಎತ್ತಬಹುದು. ಮಿರಜ ತಾಲ್ಲೂಕಿನ ಮ್ಹೈಸಾಳದ ಬಳಿ ಕೃಷ್ಣಾ ನದಿಯಿಂದ ಮೇಲೆತ್ತಿದ ನೀರು ಜತ್ತದ ಕೆಲವು ಭಾಗಕ್ಕೆ ಬಂದಿದೆ. ಬಂದ ಕಡೆ ದ್ರಾಕ್ಷಿ, ದಾಳಿಂಬೆ ತೋಟಗಳಿವೆ. ಪೂರ್ವದ ಗಡಿ ಹಳ್ಳಿಗಳು ವರ್ಷಗಟ್ಟಲೆ ಕಾದವು. ಕಾದು ಸಾಕಾಗಿ 2012ರಲ್ಲಿ ಇಲ್ಲಿನ 42 ಹಳ್ಳಿಗಳು, ನೀರು ಕೊಡದಿದ್ದರೆ ನಾವು ಕರ್ನಾಟಕಕ್ಕೆ ಸೇರುತ್ತೇವೆ ಎಂದು ನಿರ್ಣಯ ಮಾಡಿದವು. 2022ರ ಕೊನೆಯಲ್ಲಿ ಎರಡು ರಾಜ್ಯಗಳ ನಡುವೆ ಗಡಿಯ ಮಾತು ಬಿಸಿಯೇರಿದಾಗ ಪತ್ರಿಕೆಗಳು ಅದನ್ನು ಮತ್ತೆ ನೆನಪಿಸಿದವು. ಅದೇ ದಿನಗಳಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿಯ ಕಡೆಗೆ ಹರಿಯಿತು. ಜನ ಕೆರೆಯ ದಂಡೆಗೆ ಓಡಿದರು. ಮಹಾರಾಷ್ಟ್ರ ಸರ್ಕಾರವೂ ಮ್ಹೈಸಾಳ ಯೋಜನೆಯನ್ನು ಉಳಿದ ಹಳ್ಳಿಗಳಿಗೆ ವಿಸ್ತರಿಸುವ ಕೆಲಸಕ್ಕೆ ಕೈಹಾಕಿತು. ನೀರಿಗೆ ಭಾಷೆ ಯಾವುದು ಎಂದು ಅಂದು ಯಾರೂ ಕೇಳಲಿಲ್ಲವಂತೆ. ದೇವರ ಸಿಟ್ಟಿನ ಮಾತಾಡಿದ ಆ ಅಕ್ಕನಿಗೆ ಈ ಕಾಲುವೆಗಳ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ಯಾವ ಊರಿಗೆ ಬಂತು, ಎಲ್ಲಿ ನಿಂತಿತು ಎಂದು ಹೆಸರು ಹೇಳುತ್ತ ಹೋದರು.

ಕೋಲಿನ ಪ್ರಯೋಗವನ್ನು ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳು ದೇವಾಲಯದ ಅಂಗಳದಲ್ಲೇ ಮಾಡಬಹುದು. ಬೆಂಗಳೂರಿನಲ್ಲಿ ನೆರಳು ಅಡಗುವ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಉತ್ತರಕ್ಕೆ ಹೋದಂತೆ ಮೊದಲನೆಯದು ಮೇ ಕಡೆಗೆ, ಎರಡನೆಯದು ಜುಲೈ ಕಡೆಗೆ ಸರಿಯುತ್ತದೆ. ನೀರು ತುಂಬಿದ ತಟ್ಟೆ ಇಟ್ಟು ನೆಲ ಸಮ ಇದೆಯೇ ಎಂದೂ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದೂ ನೋಡಿಕೊಳ್ಳಿ. ಹನ್ನೆರಡು ಗಂಟೆಯಿಂದ ಒಂದರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದು ಬೇಡ, ನೆರಳೇ ಎಲ್ಲ ಹೇಳುತ್ತದೆ. ಆಗಸ್ಟಿನ ದಿನ ಕರಾವಳಿ, ಮಲೆನಾಡಿನವರಿಗೆ ಮೋಡದಿಂದಾಗಿ ಸಿಗುವುದು ಕಷ್ಟ. ಜತ್ತದವರಿಗೆ ಆಗಸ್ಟಿನಲ್ಲೂ ಆಕಾಶ ತೆರೆದೇ ಇರುವ ಮಧ್ಯಾಹ್ನಗಳು ಬೇಕಾದಷ್ಟು. ಅದನ್ನು ಅಲ್ಲಿ ಯಾರೂ ಭಾಗ್ಯ ಎನ್ನುವುದಿಲ್ಲ.